ಮೊಣಕೈ ಮಡಚಲು ಬೆಂಗಳೂರಿಗೇ ಹೋಗಬೇಕಾ? ಶಿವಮೊಗ್ಗದಲ್ಲಿ ಒಬರ್ಲಿನ್ ಮಾಡಿದ ನನ್ನ ಅನುಭವ

ಭುಜದ ನರ ಕಿತ್ತುಹೋಗಿ ಮೊಣಕೈ ಮಡಚಲಾಗದವರಿಗೆ ಪಕ್ಕದ ನರದ ಎಳೆ ಜೋಡಿಸುವ ಆಪರೇಷನ್ ಒಬರ್ಲಿನ್. ಅದನ್ನು ಇಲ್ಲೇ ಮಾಡುತ್ತೇನೆ ಅಂದಾಗ ನಮ್ಮೂರಿನ ಸರ್ಜನ್‌ಗಳೇ ನಕ್ಕರು. "ಮೈಕ್ರೋಸ್ಕೋಪ್ ಇಲ್ಲ, ಎಂಥ ಮಾಡ್ತೀಯ ಮಾರಾಯ, ಸುಮ್ನೆ ಬೆಂಗಳೂರಿಗೆ ಕಳಿಸು." ಕಳಿಸಿದವರಲ್ಲಿ ನಿಜವಾಗಿ ಹೋಗುವವರು ಎಷ್ಟು ಜನ? ಹೊಸನಗರ, ತೀರ್ಥಹಳ್ಳಿ ಕಡೆ ಬೈಕಿಂದ ಬಿದ್ದು ಭುಜದ ನರ ಕಿತ್ತುಕೊಂಡ ಹುಡುಗರು ಅಡಿಕೆ ಕೊಯ್ಲು ಮುಗಿಯಲಿ, ದುಡ್ಡು ಕೈಗೆ ಬರಲಿ ಅಂತ ಕಾಯುತ್ತಾರೆ, ನಡುವೆ ಎಣ್ಣೆ ತಿಕ್ಕುವವರ ಹತ್ತಿರ ಒಂದೆರಡು ತಿಂಗಳು, ಕೊನೆಗೆ ವಾಪಸ್ ನನ್ನ ಹತ್ತಿರ ಬರುವಾಗ ವರ್ಷ ದಾಟಿರುತ್ತದೆ. ಅಷ್ಟರಲ್ಲಿ ಬೈಸೆಪ್ಸ್, ಅಂದರೆ ಮೊಣಕೈ ಮಡಚುವ ತೋಳಿನ ಸ್ನಾಯು, ಒಣಗಿರುತ್ತದೆ.

ಮೊದಲು ನಾನೂ ಕುತ್ತಿಗೆ ತೆರೆದು ಸೂರಲ್ ಗ್ರಾಫ್ಟ್, ಅಂದರೆ ಕಾಲಿನಿಂದ ತೆಗೆದ ನರದ ತುಂಡು, ಹಾಕುತ್ತಿದ್ದೆ. ಗಂಟೆಗಟ್ಟಲೆ ಓಟಿ. ಕಲೆಗಟ್ಟಿದ ಮಾಂಸದೊಳಗೆ ನರದ ಒಳ್ಳೆಯ ತುದಿ ಸಿಗುವುದೇ ಕಷ್ಟ. ಸಿಕ್ಕರೂ ದಿನಕ್ಕೆ 1 ಮಿ.ಮೀ. ಲೆಕ್ಕದಲ್ಲಿ ನರ ಅಲ್ಲಿಂದ ತೋಳಿನ ತನಕ ಬೆಳೆದು ಬರಬೇಕು. ಮೂವರಲ್ಲಿ ಒಬ್ಬರಿಗೆ ಕೈ ಮಡಚಲು ಬಂದಿದ್ದರೆ ಹೆಚ್ಚು.

ಫ್ರಾನ್ಸಿನ ಸರ್ಜನ್ ಕ್ರಿಸ್ಟೋಫ್ ಒಬರ್ಲಿನ್ 1994ರಲ್ಲಿ ಪ್ರಕಟಿಸಿದ ದಾರಿ ಬೇರೆ. ಕುತ್ತಿಗೆಯಿಂದ ಕೈಗೆ ಬರುವ ಸಿ5, ಸಿ6 ನರಬೇರುಗಳು ಹೋಗಿರಬೇಕು, ಅಂಗೈ, ಬೆರಳುಗಳ ಬಲ ಉಳಿದಿರಬೇಕು. ತೋಳಿನ ಮೂಲಕ ಕಿರುಬೆರಳ ಕಡೆಗೆ ಹೋಗುವ ಅಲ್ನಾರ್ ನರದ ಒಂದು ಎಳೆಯನ್ನು ತೋಳಲ್ಲೇ ಬೈಸೆಪ್ಸ್‌ಗೆ ಹೋಗುವ ನರದ ಕವಲಿಗೆ ಹೊಲಿಯುವುದು. ಗ್ರಾಫ್ಟ್ ಬೇಡ. "ಚೆನ್ನಾಗಿರೋ ನರಾನೂ ಕತ್ತರಿಸ್ತೀಯಾ?" ಅಂತ ಡಾಕ್ಟರುಗಳೇ ಬೈದರು. ಮೊದಲ ಹುಡುಗನ ಮಾವ ತೋಟದವರು, ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. "ಪಕ್ಕದ ಕಾಲುವೆಯಿಂದ ಒಂದು ಕವಲು ತಿರುಗಿಸ್ಕೊಂಡ ಹಾಗೆ ಅಲ್ವಾ ಡಾಕ್ಟ್ರೇ? ಮಾಡಿ."

ಮೈಕ್ರೋಸ್ಕೋಪ್ ಅಂದರೆ ಲಕ್ಷಗಳ ಮಾತು. ನನ್ನ ಹತ್ತಿರ ಇದ್ದದ್ದು ಲೂಪ್, ಅಂದರೆ ಕನ್ನಡಕದ ಹಾಗೆ ಹಾಕುವ ಭೂತಗನ್ನಡಿ, 70-80 ಸಾವಿರ ಕೊಟ್ಟಿದ್ದೆ ಅನಿಸುತ್ತೆ. ದಾರ 9-0 ನೈಲಾನ್, ತೀರಾ ಸಣ್ಣದು. ನರಕ್ಕೆ ಸಣ್ಣ ಕರೆಂಟ್ ಮುಟ್ಟಿಸಿ ನೋಡುವ ಸ್ಟಿಮ್ಯುಲೇಟರ್ ಕೊಳ್ಳಲೇ ಇಲ್ಲ, ಅರಿವಳಿಕೆಯವರು ನರ ಮರಗಟ್ಟಿಸುವ ಬ್ಲಾಕ್ ಕೊಡಲು ಇಟ್ಟುಕೊಂಡದ್ದನ್ನೇ ಬಳಸಿದೆವು. ಒಂದು ಸಲ ಅವರು ಅಭ್ಯಾಸಬಲದಿಂದ ಸ್ನಾಯು ಸಡಿಲಿಸುವ ರಿಲ್ಯಾಕ್ಸಂಟ್ ಇನ್ನೊಂದು ಡೋಸ್ ಕೊಟ್ಟುಬಿಟ್ಟರು. ಯಾವ ಎಳೆ ಮುಟ್ಟಿದರೂ ಕದಲಲ್ಲ. ಅದು ಇಳಿಯುವ ತನಕ ಕೈಕಟ್ಟಿ ಕೂತೆವು. ರಕ್ತ ತಡೆಯುವ ಟೂರ್ನಿಕೆಟ್ ಪಟ್ಟಿ ಕೂಡ ಕಟ್ಟುವುದಿಲ್ಲ, ನರ ಮೂಕವಾಗುತ್ತದೆ.

ಸ್ಟಿಮ್ಯುಲೇಟರ್ ಮುಟ್ಟಿಸಿದಾಗ ಮಣಿಕಟ್ಟು ಮಡಚಬೇಕು, ಕಿರುಬೆರಳು ಅಲ್ಲಾಡಬಾರದು, ಆ ಎಳೆ ನಿಮ್ಮದು. ಅದನ್ನು ಬೇಗ ಹುಡುಕಲು ನನ್ನದೊಂದು ಉಪಾಯ ಇದೆ, ಬರೆಯಲ್ಲ, ಓಟಿಗೆ ಬಂದರೆ ತೋರಿಸುತ್ತೇನೆ.

ನಾಲ್ಕನೇ ತಿಂಗಳ ಸುಮಾರಿಗೆ ಆ ಮೊದಲ ಹುಡುಗನ ಬೈಸೆಪ್ಸ್ ಮೊದಲ ಸಲ ಮಿಡಿಯಿತು. ಮಣಿಕಟ್ಟು ಬಿಗಿ ಮಾಡಿದಾಗ ಮಾತ್ರ. ಫಿಸಿಯೋ ಹುಡುಗಿ ಅದನ್ನೇ ಹಿಡಿದು ಕಲಿಸಿದಳು. ವರ್ಷದ ಹೊತ್ತಿಗೆ ಎಂ4, ಅಂದರೆ ಎದುರು ಒತ್ತಿದರೂ ಮಡಚುವಷ್ಟು ಬಲ. ಕಿರುಬೆರಳಲ್ಲಿ ಕೆಲವು ವಾರ ಜೋಮು ಇತ್ತು, ಹೋಯಿತು. ಹಿಡಿತ ಕಮ್ಮಿ ಆಗಲಿಲ್ಲ. ಒಟ್ಟು ಬಿಲ್ 50 ಸಾವಿರದ ಒಳಗೆ, ಹೊರಗೆ ಅವರಿಗೆ ಎರಡು ಲಕ್ಷದ ಮೇಲೆ ಹೇಳಿದ್ದರಂತೆ. ಆಮೇಲೆ ಮಾಡಿದವರಲ್ಲಿ ಆರು ತಿಂಗಳೊಳಗೆ ಬಂದವರೆಲ್ಲ ಹೆಚ್ಚುಕಡಿಮೆ ಗೆದ್ದಿದ್ದಾರೆ. ನಕ್ಕವರೇ ಈಗ ಕೇಸ್ ಕಳಿಸುತ್ತಾರೆ.

ಇದರ ನಡುವೆ ಇನ್ನೊಂದು ಹುಚ್ಚು ಹತ್ತಿತು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಹೆಂಗಸರು ಮೆಟ್ಟುಗತ್ತಿಗೆ ಬೆರಳು ಕೊಟ್ಟುಕೊಂಡು ಬರುತ್ತಾರಲ್ಲ, ತಡವಾಗಿ ಬಂದರೆ ಬೆರಳಿನ ನರದ ತುದಿಗಳು ಸೇರುವುದಿಲ್ಲ. ಆ ಅಂತರಕ್ಕೆ ಹಾಕುವ ಕೊಳವೆ, ಅಂಗಡಿಯ ಕಾಂಡ್ಯೂಟ್‌ಗೆ ಆಗ ಮೂವತ್ತು ಸಾವಿರದ ಮೇಲೆ ಹೇಳಿದರು. ಅವರ ಒಂದು ಸುಗ್ಗಿಯ ಕೂಲಿಯೇ ಹೋಯಿತು! ಮುಂಗೈಯಿಂದ ಸಣ್ಣ ರಕ್ತನಾಳ, ಸಿರೆಯದ್ದು, ತೆಗೆದು ಒಳಗೆ ಅವರದೇ ಸ್ನಾಯುವಿನ ಚೂರು ತುಂಬಿ ಕೊಳವೆ ಮಾಡಿದೆ. ಸ್ನಾಯು ಇಲ್ಲದಿದ್ದರೆ ಸಿರೆ ಚಪ್ಪಟೆಯಾಗುತ್ತದೆ. ಖರ್ಚು ದಾರದ್ದು ಮಾತ್ರ. ಹೆಚ್ಚಿನವರಿಗೆ ಬಿಸಿ, ಚುಚ್ಚು ತಿಳಿಯುತ್ತದೆ. ಅಂತರ 2 ಸೆಂ.ಮೀ. ದಾಟಿದರೆ ಮಾತ್ರ ನಾನು ಇದನ್ನು ನಂಬುವುದಿಲ್ಲ, ಆಗ ಗ್ರಾಫ್ಟೇ.