ಲೋಟ ನಡುಗದ ಹಾಗೆ ಕಟ್ಟಿದ ಹಾಲ್

ಬೆಂಗಳೂರಿನ ಪಬ್‌ಗಳಲ್ಲಿ ಹನ್ನೆರಡು ವರ್ಷ ಸೌಂಡ್ ನೋಡಿಕೊಂಡಿದ್ದೆ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಲೈವ್ ಬ್ಯಾಂಡ್ ನುಡಿಸುವ ಜಾಗಕ್ಕೆ ನಗರ ಪೊಲೀಸರ 2005ರ ಆದೇಶದ ಪ್ರಕಾರ ಪೊಲೀಸ್ ಲೈಸೆನ್ಸ್ ಬೇಕೇ ಬೇಕು ಅಂತ. ಎಷ್ಟೋ ಕಡೆ ಸ್ಟೇಜ್ ಖಾಲಿಯಾಯಿತು. ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರು ನನಗೆ ಫೋನ್ ಮಾಡಿ, "ಅಣ್ಣಾ, ಎಲ್ಲಾದ್ರೂ ಜಾಗ ಇದ್ಯಾ?" ಅಂತ ಕೇಳುತ್ತಿದ್ದರು. ಆಗಲೇ ನಾನು ಮತ್ತು ಇಬ್ಬರು ಗೆಳೆಯರು ತೀರ್ಮಾನ ಮಾಡಿದೆವು: ನಾವೇ ಒಂದು ಹಾಲ್ ಮಾಡೋಣ, ಕಾಗದಪತ್ರ ಮೊದಲು, ಸ್ಪೀಕರ್ ಆಮೇಲೆ.

ನೋಡಿದ ಕಟ್ಟಡಗಳಲ್ಲಿ ಜಾಸ್ತಿ ಪಾಲಿಗೆ ಓಸಿಯೇ, ಅಂದರೆ ಕಟ್ಟಡ ಬಳಸಬಹುದು ಅನ್ನುವ ಸರ್ಟಿಫಿಕೇಟೇ, ಇರಲಿಲ್ಲ. ಓಸಿ ಇಲ್ಲದೆ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರ (ಫೈರ್ ಎನ್‌ಒಸಿ) ಇಲ್ಲದೆ ಲೈಸೆನ್ಸ್ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಹಳೇ ಫರ್ನಿಚರ್ ಗೋಡೌನ್. ಎತ್ತರದ ಸೂರು, ಎರಡು ಬಾಗಿಲು, ಕಾಗದ ಸರಿ ಇತ್ತು. ಆದರೆ ಹಿಂದಿನ ಗೋಡೆಗೆ ಅಂಟಿಕೊಂಡೇ ಒಂದು ಮನೆ.

ಅಡ್ವಾನ್ಸ್ ಕೊಡುವ ಮೊದಲು ಆ ಮನೆಯ ಆಂಟಿಯನ್ನು ಕೇಳಿಕೊಂಡು ಅವರ ಅಡುಗೆಮನೆಯಲ್ಲಿ ನಿಂತೆ. ಗೋಡೌನ್ ಕಡೆ ಗೆಳೆಯ ಬಾಡಿಗೆ ಸಬ್‌ನಲ್ಲಿ (ಬೇಸ್ ಸ್ವರಕ್ಕೆಂದೇ ಇರುವ ದೊಡ್ಡ ಸ್ಪೀಕರ್) ಬರೀ ಕಿಕ್ ಡ್ರಮ್ ಹಾಕಿದ. ಏಟು ಕಿವಿಗೆ ಅಷ್ಟಾಗಿ ಕೇಳಲಿಲ್ಲ. ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಮಾತ್ರ ಒಂದಕ್ಕೊಂದು ತಾಗಿ ಟಣ ಟಣ ಅನ್ನತೊಡಗಿದವು. "ಹಾಡು ಬೇಕಾದ್ರೆ ಹಾಕ್ಕೊಳ್ಳಪ್ಪ, ಈ ಗುಡುಗುಡು ಮಾತ್ರ ಬೇಡ" ಅಂದರು.

ಅವರು ಹೇಳಿದ್ದೇ ನಿಜವಾದ ಸಮಸ್ಯೆ. 60 ಹರ್ಟ್ಸ್‌ನ ಬೇಸ್, ಅಂದರೆ ತಗ್ಗು ಸ್ವರದ ಅಲೆ ಸುಮಾರು 5.7 ಮೀಟರ್ ಉದ್ದ ಇರುತ್ತೆ. ಗೋಡೆಗೆ ಎರಡಿಂಚು ಫೋಮ್, ಮೊಟ್ಟೆ ಟ್ರೇ ಅಂಟಿಸಿದರೆ ಅದು ನಿಲ್ಲಲ್ಲ, ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ತೂಕ ಬೇಕು, ನಡುವೆ ಗಾಳಿ ಬೇಕು, ಎರಡು ಗೋಡೆ ಒಂದನ್ನೊಂದು ಮುಟ್ಟಬಾರದು. ಹಳೇ ಗೋಡೆಯಿಂದ ನಾಲ್ಕಿಂಚು ಬಿಟ್ಟು ಬೇರೆ ಫ್ರೇಮ್ ನಿಲ್ಲಿಸಿದೆವು. ಒಳಗೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಮೇಲೆ ಎರಡು ಪದರ ಜಿಪ್ಸಂ ಬೋರ್ಡ್. ಕುಣಿಯುವ ನೆಲವನ್ನು ರಬ್ಬರ್ ಪ್ಯಾಡ್ ಮೇಲೆ ಮರದಲ್ಲಿ ಕಟ್ಟಿಸಿದೆವು. ನೂರು ಜನ ಒಟ್ಟಿಗೆ ಎಗರಿದರೂ ನಡುಕ ಪಾಯಕ್ಕೆ ಇಳಿಯಬಾರದು, ಅಲ್ವಾ? ವಾಸದ ಬಡಾವಣೆಗೆ ರಾತ್ರಿಯ ಮಿತಿ 45 ಡೆಸಿಬಲ್. ಸದ್ದು ಅಳೆಯುವ ಮೀಟರ್ ಹಿಡಿದು ಮತ್ತೆ ಮತ್ತೆ ಆಂಟಿ ಮನೆಗೆ ಹೋದೆ, ಲೋಟಗಳು ಇನ್ನೂ ನಡುಗುತ್ತಿದ್ದವು. ಮೂರನೇ ಸಲ ಹೋದಾಗ ಕಾರಣ ಸಿಕ್ಕಿತು: ಏಸಿ ಡಕ್ಟ್ ಹಳೇ ಗೋಡೆಗೇ ಬೋಲ್ಟ್ ಆಗಿತ್ತು. ಬಿಚ್ಚಿ, ರಬ್ಬರ್ ಹ್ಯಾಂಗರ್‌ಗೆ ತೂಗುಹಾಕಿದ ಮೇಲೆ ಲೋಟಗಳು ಸುಮ್ಮನಾದವು.

ದುಡ್ಡಿನ ಲೆಕ್ಕ ಸರಳವಾಗಿಟ್ಟೆವು. ಟಿಕೆಟ್ ದುಡ್ಡಿನ ದೊಡ್ಡ ಪಾಲು ಬ್ಯಾಂಡಿಗೆ, ಬಾಡಿಗೆ ಹುಟ್ಟುವುದು ಬಾರಿನಿಂದ. ಬ್ಯಾಂಡ್ ಸ್ವಂತ ಹಾಡನ್ನೇ ನುಡಿಸಬೇಕು. ಅದು ಮುಗಿದ ಮೇಲೆ ಡಿಜೆ, ಕುಣಿತ.

2019ರಲ್ಲಿ ಬಾಗಿಲು ತೆರೆದ ರಾತ್ರಿ ಮೊದಲು ಸ್ಟೇಜ್ ಹತ್ತಿದ್ದು ಕನ್ನಡದಲ್ಲಿ ಹಾಡುವ ನಾಲ್ಕು ಜನರ ಬ್ಯಾಂಡ್. ಡ್ರಮ್ಮರ್ ಮೊದಲ ಏಟು ಹಾಕುತ್ತಿದ್ದಂತೆ ನಾನು ಮಿಕ್ಸರ್ ಗೆಳೆಯನ ಕೈಗೆ ಕೊಟ್ಟು ಹಿಂದಿನ ಗಲ್ಲಿಗೆ ಓಡಿದೆ. ಆಂಟಿ ಮನೆ ಕಿಟಕಿ ಕೆಳಗೆ ಒಂದು ಹಾಡು ಪೂರ್ತಿ ನಿಂತೆ. ಟಿವಿ ಧಾರಾವಾಹಿಯ ಮಾತು ಕೇಳುತ್ತಿತ್ತು, ಕುಕ್ಕರ್ ಕೂಗಿತು. ವಾಪಸ್ ಒಳಗೆ ಬಂದಾಗ ಜನ ಆಗಲೇ ಕುಣಿಯುತ್ತಿದ್ದರು.