ಮೊಬೈಲ್ ವಿಮೆ: ಪಾಲಿಸಿಯನ್ನು ಕೊನೆಯ ಪುಟದಿಂದ ಓದಿ

ಬಹಳಷ್ಟು ಮಂದಿ ಮೊಬೈಲ್ ವಿಮೆಯ ಪಾಲಿಸಿಯನ್ನು ಮೊದಲ ಸಲ ತೆರೆಯುವುದು ಫೋನ್ ಒಡೆದ ಮೇಲೆಯೇ. ಸಿಟ್ಟು ಬರುವುದೂ ಆಗಲೇ. ಪಾಲಿಸಿ ಕೈಗೆ ಬಂದ ದಿನವೇ ಅರ್ಧ ಗಂಟೆ ಕೂತು ಓದಿ, ಆದರೆ ಹಿಂದಿನಿಂದ. ಏನೇನು ಕೊಡುತ್ತೇವೆ ಎಂಬುದು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರುತ್ತದೆ. ಯಾವಾಗ ಕೊಡುವುದಿಲ್ಲ ಎಂಬುದನ್ನು 'ವ್ಯಾಖ್ಯಾನಗಳು' ಮತ್ತು 'ಎಕ್ಸ್‌ಕ್ಲೂಷನ್ಸ್' ಎಂಬ ಭಾಗಗಳಲ್ಲಿ ಹುಡುಕಬೇಕು.

ಅದಕ್ಕೂ ಮೊದಲು, ನೀವು ಕೊಂಡಿರುವುದು ವಿಮೆಯೇ ಹೌದಾ ನೋಡಿ. ಎಕ್ಸ್‌ಟೆಂಡೆಡ್ ವಾರಂಟಿಯನ್ನೇ ವಿಮೆ ಅಂದುಕೊಂಡವರು ತುಂಬ ಜನ. ಸ್ಪೀಕರ್ ತಾನಾಗಿ ಕೆಟ್ಟರೆ, ಅಂದರೆ ತಯಾರಿಕೆಯ ದೋಷವಿದ್ದರೆ, ವಾರಂಟಿ. ಕೈಜಾರಿ ಬಿದ್ದರೆ ವಿಮೆ. ಇವೆರಡರ ನಡುವೆ 'ಸ್ಕ್ರೀನ್ ಪ್ಲಾನ್' ಎಂಬ ಮೂರನೆಯದೂ ಇದೆ. ಅದರಲ್ಲಿ ಸಾಮಾನ್ಯವಾಗಿ ಮುಂದಿನ ಗಾಜು ಮಾತ್ರ ಸೇರಿರುತ್ತದೆ. ಹಿಂಬದಿಯ ಗಾಜು, ಕ್ಯಾಮೆರಾ ಗಾಜು ಸೇರಿವೆಯೋ ಇಲ್ಲವೋ ಬೇರೆಯಾಗಿಯೇ ನೋಡಬೇಕು.

ಇನ್ನು ವ್ಯಾಖ್ಯಾನಗಳು. 'ಆಕಸ್ಮಿಕ' ಎಂದರೆ ಪಾಲಿಸಿಯ ಲೆಕ್ಕದಲ್ಲಿ ದಿಢೀರನೆ, ಅನಿರೀಕ್ಷಿತವಾಗಿ, ಹೊರಗಿನ ಕಾರಣದಿಂದ ಆದದ್ದು. ಹಾಗಾಗಿ ಗೀರು, ಸವೆತ, ದಿನದಿಂದ ದಿನಕ್ಕೆ ಸೊರಗುವ ಬ್ಯಾಟರಿ ಇವೆಲ್ಲ ಹೊರಗೆ. 'ಕಳ್ಳತನ' ಇನ್ನೂ ನಾಜೂಕು. ಬಾಗಿಲು ಒಡೆದು ಒಯ್ದದ್ದು, ಕೈಯಿಂದ ಕಿತ್ತುಕೊಂಡದ್ದು, ಜೇಬಿನಿಂದ ಎಗರಿಸಿದ್ದು, ಮೇಜಿನ ಮೇಲೆ ಬಿಟ್ಟು ಎದ್ದುಹೋದಾಗ ಮಾಯವಾದದ್ದು — ಎಷ್ಟೋ ಪಾಲಿಸಿಗಳಲ್ಲಿ ಇವು ಬೇರೆ ಬೇರೆ, ಕೊನೆಯದಕ್ಕೆ ಪರಿಹಾರವೇ ಇರುವುದಿಲ್ಲ. ಇಲ್ಲಿ ನಮ್ಮ ಮಾತಿನ ಅಭ್ಯಾಸವೇ ಕೈಕೊಡುತ್ತದೆ. ಯಾರೋ ಕಿತ್ತುಕೊಂಡು ಓಡಿದ್ದರೂ ನಾವು 'ಫೋನ್ ಕಳೆದುಹೋಯ್ತು' ಎನ್ನುತ್ತೇವೆ. ಪೊಲೀಸ್ ದೂರಿನಲ್ಲಿ ಹಾಗೇ ಬರೆದರೆ, ವಿಮೆಯವರ ಕಣ್ಣಿಗೆ ಅದು ಕಳ್ಳತನವಲ್ಲ, ಅಜಾಗರೂಕತೆಯಿಂದ ಕಳೆದುಕೊಂಡದ್ದು. ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಹೋಯಿತು ಎಂದು ನಡೆದದ್ದನ್ನು ನಡೆದಂತೆಯೇ ಬರೆಸಿ.

ನೀರಿನ ವಿಷಯಕ್ಕೆ ಬಂದರೆ, ಸಿಮ್ ಟ್ರೇ ಹೊರತೆಗೆದು ಆ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಅನೇಕ ಫೋನ್‌ಗಳಲ್ಲಿ ಒಳಗೊಂದು ಪುಟ್ಟ ಬಿಳಿ ಪಟ್ಟಿ ಕಾಣುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ, ಒಣಗಿದ ಮೇಲೂ ಬಿಳಿಗೆ ಮರಳುವುದಿಲ್ಲ. ಸರ್ವಿಸ್ ಸೆಂಟರಿನವರು ಅಲ್ಲಿ ಇಣುಕದೆ ಬಿಡುವುದಿಲ್ಲ, ಆದ್ದರಿಂದ 'ನೀರು ಬಿದ್ದೇ ಇಲ್ಲ' ಎಂಬ ವಾದ ನಡೆಯದು. ಫೋನ್ ಐಪಿ 68 (ನೀರು, ಧೂಳು ತಡೆಯುವ ಮಟ್ಟ) ಅಲ್ಲವೇ ಎಂದರೆ, ಅದು ಪ್ರಯೋಗಾಲಯದಲ್ಲಿ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆಯ ಅಂಕಿ. ಸೀಲ್ ಕಾಲಕ್ರಮೇಣ ಸಡಿಲವಾಗುತ್ತದೆ. ತಯಾರಕರ ವಾರಂಟಿಯಲ್ಲಿಯೂ ನೀರಿನ ಹಾನಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಹಾಗಾಗಿ ಪಾಲಿಸಿಯಲ್ಲಿ 'ದ್ರವದಿಂದಾದ ಹಾನಿ' ಎಂದು ಸ್ಪಷ್ಟವಾಗಿ ಬರೆದಿರಬೇಕು. ಫೋನ್ ನೀರಿಗೆ ಬಿದ್ದರೆ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಆನ್ ಆಗುತ್ತದಾ ಎಂದು ಪರೀಕ್ಷಿಸಲೂ ಬೇಡಿ. ಆಗ ಶಾರ್ಟ್ ಆಗಿ ಬೋರ್ಡ್ ಹೋದರೆ ಆ ಹಾನಿ ನಿಮ್ಮ ತಲೆಗೇ. ಅಕ್ಕಿಯಲ್ಲಿ ಹೂತಿಟ್ಟರೆ ಪುಡಿ ಪೋರ್ಟಿನೊಳಗೆ ಸೇರುತ್ತದೆ, ಅಷ್ಟೇ ಲಾಭ.

ದುಡ್ಡಿನ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಒಂದು ಪದದಲ್ಲಿ: ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಪಾಲು. ಅದು ಶೇ 10 ಎಂದಿದ್ದರೆ ತಕ್ಷಣ ಕೇಳಿ: ಯಾವುದರ ಶೇ 10? ವಿಮಾ ಮೊತ್ತ 100 ಎಂದಿಟ್ಟುಕೊಳ್ಳಿ, ರಿಪೇರಿ ಬಿಲ್ಲು 40, ಡಿಪ್ರಿಸಿಯೇಷನ್, ಅಂದರೆ ಫೋನ್ ಹಳತಾದುದಕ್ಕೆ ಕಳೆಯುವ ಪಾಲು, ಶೇ 25. ಮೊದಲು ಡಿಪ್ರಿಸಿಯೇಷನ್ ಕಳೆದರೆ ಉಳಿಯುವುದು 30. ಡಿಡಕ್ಟಿಬಲ್ ಕ್ಲೇಮಿನ ಶೇ 10 ಆದರೆ 3 ಹೋಗಿ 27 ಸಿಗುತ್ತದೆ. ವಿಮಾ ಮೊತ್ತದ ಶೇ 10 ಆದರೆ 10 ಹೋಗಿ 20. ಬಿಲ್ಲು ಬರೀ 12 ಆಗಿದ್ದರೆ? ಡಿಪ್ರಿಸಿಯೇಷನ್ ಕಳೆದು 9, ಅದರಿಂದ 10 ಕಳೆಯಬೇಕು. ಕೈಗೆ ಬರುವುದು ಸೊನ್ನೆ. ಅಂಥ ಚಿಕ್ಕ ರಿಪೇರಿಗೆ ಕ್ಲೇಮು ಹಾಕಿ, ವರ್ಷಕ್ಕೆ ಇಷ್ಟೇ ಕ್ಲೇಮು ಎಂಬ ಮಿತಿಯಲ್ಲಿ ಒಂದನ್ನು ಕಳೆದುಕೊಳ್ಳುವುದು ದಡ್ಡತನ. ಡಿಪ್ರಿಸಿಯೇಷನ್ ಫೋನಿನ ವಯಸ್ಸಿನ ಮೇಲೆ ಏರುವುದರಿಂದ, ಎರಡನೇ ವರ್ಷ ನವೀಕರಿಸುವ ಮುನ್ನ ಇದೇ ಲೆಕ್ಕವನ್ನು ಮತ್ತೊಮ್ಮೆ ಹಾಕಿ.

ಕಾಗದಪತ್ರಕ್ಕೆ ಹತ್ತು ನಿಮಿಷ ಸಾಕು. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಎರಡು ಸಿಮ್ಮಿನ ಫೋನಿಗೆ ಎರಡು. ಬಿಲ್ಲು, ಡಬ್ಬ, ಪಾಲಿಸಿ ಮೂರರಲ್ಲೂ ಅದೇ ಇದೆಯಾ, ಒಂದೊಂದೇ ಅಂಕಿ ಹೋಲಿಸಿ. ವಾರಂಟಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಐಎಂಇಐ ಕೂಡ ಬದಲಾಗಬಹುದು. ಆಗ ಸರ್ವಿಸ್ ಸೆಂಟರಿನ ಜಾಬ್ ಶೀಟ್ (ರಿಪೇರಿಯ ವಿವರದ ಚೀಟಿ) ಜೊತೆಗೆ ವಿಮೆಯವರಿಗೆ ಮೇಲ್ ಮಾಡಿ ಪಾಲಿಸಿಯಲ್ಲೂ ತಿದ್ದಿಸಿ. ಇದನ್ನು ಮರೆತರೆ, ವಿಮೆಯವರ ದಾಖಲೆಯಲ್ಲಿ ಅದು ಬೇರೆಯೇ ಫೋನ್.

ಒಡೆದಾಗ ಮೊದಲು ಫೋಟೊ, ಆಮೇಲೆ ಕ್ಲೇಮು, ಕೊನೆಗೆ ರಿಪೇರಿ. ಈ ಕ್ರಮ ತಪ್ಪಿಸಿ ಪರಿಚಯದ ಅಂಗಡಿಯಲ್ಲಿ ಡಿಸ್‌ಪ್ಲೇ ಹಾಕಿಸಿಕೊಂಡರೆ ಬಿಲ್ಲು ಎಷ್ಟೇ ಚೆನ್ನಾಗಿದ್ದರೂ ಕ್ಲೇಮು ನಿಲ್ಲುವುದು ಕಷ್ಟ. ಹಾನಿಯನ್ನು ನೋಡುವ ಅವಕಾಶವೇ ವಿಮೆಯವರಿಗೆ ಸಿಕ್ಕಿರುವುದಿಲ್ಲ. ತಿಳಿಸಲು ಎಷ್ಟು ಗಂಟೆ ಗಡುವು ಎಂದು ಪಾಲಿಸಿಯಲ್ಲಿ ನೋಡಿ. ಫೋನ್ ಮಾಡಿ ಹೇಳಿದರೂ ಕ್ಲೇಮ್ ನಂಬರ್ ಪಡೆದು, ಅದೇ ದಿನ ಒಂದು ಮೇಲ್ ಹಾಕಿ. ರಿಪೇರಿಗೆ ಕೊಡುವ ಮುಂಚೆ ಬ್ಯಾಕಪ್ ತೆಗೆದು, ಕಳೆದ ಫೋನನ್ನು ಹುಡುಕಲು, ಲಾಕ್ ಮಾಡಲು ಇರುವ 'ಫೈಂಡ್ ಮೈ' ಲಾಕ್ ಆಫ್ ಮಾಡಬೇಕಾಗುತ್ತದೆ. ಕಳುವಾದಾಗ ಇದಕ್ಕೆ ತದ್ವಿರುದ್ಧ: ಕ್ಲೇಮು ಇತ್ಯರ್ಥ ಆಗುವ ತನಕ ಫೋನನ್ನು ನಿಮ್ಮ ಅಕೌಂಟಿನಿಂದ ತೆಗೆಯಬೇಡಿ.

ಕ್ಲೇಮು ತಿರಸ್ಕರಿಸಿದರೆ ಕಾಲ್ ಸೆಂಟರಿನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. 'ಯಾವ ಷರತ್ತಿನ ಪ್ರಕಾರ ನಿರಾಕರಿಸಿದ್ದೀರಿ, ಅದರ ಸಂಖ್ಯೆ ಬರಹದಲ್ಲಿ ಕೊಡಿ' ಎಂದು ಮೇಲ್ ಮಾಡಿ. ಸಂಖ್ಯೆ ಬಂದ ಮೇಲೆ ಆ ಷರತ್ತನ್ನು ಸರ್ವಿಸ್ ಸೆಂಟರಿನ ವರದಿಯ ಪಕ್ಕ ಇಟ್ಟು ಓದಿ. ವರದಿಯಲ್ಲಿ 'ಬಿದ್ದ ಗುರುತು' ಎಂದಿದ್ದು ತಿರಸ್ಕಾರದಲ್ಲಿ 'ಸವೆತ' ಎಂದಿದ್ದರೆ ನಿಮಗೆ ಹಿಡಿ ಸಿಕ್ಕಿತು. ಅದನ್ನೇ ಮುಂದಿಟ್ಟು ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲೂ ಆಗದಿದ್ದರೆ ವಿಮಾ ನಿಯಂತ್ರಕರ ದೂರು ವ್ಯವಸ್ಥೆಗೆ ಬರೆಯಿರಿ.

ಫೋನ್ ಮಾರಿದ ದಿನ, ಅಥವಾ ಪೂರ್ತಿ ಮೊತ್ತದ ಪರಿಹಾರ ಬಂದ ದಿನ, ಆಟೋ ಡೆಬಿಟ್ ನಿಲ್ಲಿಸಿ. ಇಲ್ಲದ ಫೋನಿಗೂ ಪ್ರೀಮಿಯಂ ಕಟ್ಟಾಗುತ್ತಲೇ ಇರಬಹುದು.