ಕಲಬುರಗಿಯಲ್ಲಿದ್ದುಕೊಂಡು ಮೊದಲ ಮ್ಯಾರಥಾನ್‌ಗೆ ತಯಾರಾಗುವ ಬಗೆ

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. ಇದುವರೆಗೆ ಓಡಿ ರೂಢಿಯಿಲ್ಲದವರಿಗೆ ಇದರ ತಯಾರಿಗೆ ಏಳೆಂಟು ತಿಂಗಳಾದರೂ ಬೇಕು. ನಮ್ಮ ಭಾಗದಲ್ಲಿ ಆ ತಿಂಗಳುಗಳು ಯಾವುವು ಎಂಬುದೇ ಮೊದಲು ತೀರ್ಮಾನವಾಗಬೇಕಾದ ಸಂಗತಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ರಾತ್ರಿಯಾದರೂ ನೆಲದ ಕಾವು ಆರುವುದಿಲ್ಲ. ಆದ್ದರಿಂದ ಮುಂಗಾರು ಹಿಡಿದ ಮೇಲೆ ಜೂನ್‌ನಲ್ಲಿ ಅಭ್ಯಾಸ ಆರಂಭಿಸಿ, ಜನವರಿಯಲ್ಲಿ ನಡೆಯುವ ಮುಂಬೈ ಮ್ಯಾರಥಾನ್‌ನಂಥ ಓಟವನ್ನು ಗುರಿಯಾಗಿಟ್ಟುಕೊಳ್ಳುವುದು ಒಳಿತು. ಆಗಸ್ಟ್‌ನ ಹೈದರಾಬಾದ್ ಮ್ಯಾರಥಾನ್ ನಮಗೆ ಹತ್ತಿರವೇ ಆದರೂ, ಪೂರ್ಣ ದೂರ ಓಡಬೇಕೆಂದರೆ ತಯಾರಿಯ ಒಂದು ಭಾಗವನ್ನು ಕಡುಬೇಸಿಗೆಯಲ್ಲೇ ಮಾಡಬೇಕಾಗುತ್ತದೆ. ಮೊದಲ ವರ್ಷ ಅಲ್ಲಿ 10 ಕಿಲೋಮೀಟರ್ ಓಡಿದರೆ ಸಾಕು.

ಮಧುಮೇಹ, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಮತ್ತು ನಲವತ್ತು ದಾಟಿದವರು ವೈದ್ಯರಿಗೆ ತೋರಿಸಿಕೊಂಡೇ ಶುರು ಮಾಡಬೇಕು. ಮೊದಲ ಎಂಟು ವಾರ ದಿನ ಬಿಟ್ಟು ದಿನ ಅರ್ಧ ಗಂಟೆ ಮೀಸಲಿಡಿ. ಎರಡು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ವಾರದಿಂದ ವಾರಕ್ಕೆ ಓಟದ ಪಾಲನ್ನು ಹೆಚ್ಚಿಸುತ್ತ, ಅರ್ಧ ಗಂಟೆ ನಿಲ್ಲದೆ ಓಡುವ ಹಂತಕ್ಕೆ ಬನ್ನಿ.

ಈ ಹಂತದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಾವಕಾಶವಾಗಿ ಓಡುವುದು. ಪಕ್ಕದಲ್ಲಿ ಓಡುವವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುವಷ್ಟು ನಿಧಾನವಾಗಿರಬೇಕು. ಮಾತು ತುಂಡಾಗತೊಡಗಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಇದಕ್ಕೆ ಕಾರಣವಿದೆ. ಹೃದಯ ಮತ್ತು ಉಸಿರಾಟ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ, ಆದರೆ ಎಲುಬು ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕಾಗುತ್ತವೆ. ಎರಡನೆಯ ತಿಂಗಳಲ್ಲಿ ಹುರುಪು ಬಂದು ದೂರ, ವೇಗ ಎರಡನ್ನೂ ಒಟ್ಟಿಗೆ ಏರಿಸಿದವರಿಗೆ ಮೊಣಕಾಲ ಕೆಳಗಿನ ಮುಂಭಾಗದ ಎಲುಬಿನಲ್ಲಿ ನೋವು ಕಾಣಿಸಿಕೊಳ್ಳುವುದು ಹೀಗಾಗಿಯೇ. ಆ ಎಲುಬಿನ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಅದು ಎಲುಬಿನ ಸಣ್ಣ ಬಿರುಕಾಗಿರಬಹುದು.

ನಗರದಲ್ಲಿದ್ದವರಿಗೆ ಶರಣಬಸವೇಶ್ವರ ಕೆರೆಯ ಸುತ್ತಲಿನ ದಾರಿ, ಜಿಲ್ಲಾ ಕ್ರೀಡಾಂಗಣ ಅನುಕೂಲವಾಗಿವೆ. ಹಳ್ಳಿಗಳಲ್ಲಿ ಮಳೆಗಾಲದ ಎರೆಮಣ್ಣು ಬೂಟಿನ ಅಡಿಗೆ ಹೆಂಟೆಯಾಗಿ ಮೆತ್ತಿಕೊಂಡು ಕಾಲನ್ನೇ ಭಾರ ಮಾಡುವುದರಿಂದ, ಆ ದಿನಗಳಲ್ಲಿ ಹೊಲದ ದಾರಿ ಬಿಟ್ಟು ಡಾಂಬರು ರಸ್ತೆಯ ಬಲ ಅಂಚಿನಲ್ಲಿ, ಎದುರಿನ ವಾಹನ ಕಾಣುವಂತೆ ಓಡಬೇಕು. ಬೀದರ್‌ನವರಿಗೆ ಕೋಟೆಯ ಸುತ್ತಮುತ್ತ ಸಣ್ಣ ಏರಿಳಿತಗಳು ಸಿಗುತ್ತವೆ. ಕಲಬುರಗಿಯ ಸಮತಟ್ಟು ರಸ್ತೆಗಳಲ್ಲಷ್ಟೇ ಓಡಿದವರು ವಾರಕ್ಕೊಮ್ಮೆ ಯಾವುದಾದರೂ ಮೇಲ್ಸೇತುವೆಯ ಏರನ್ನು ಹತ್ತಿ ಅಭ್ಯಾಸ ಮಾಡಿಕೊಳ್ಳಲಿ. ಬೂಟುಗಳನ್ನು ಸಂಜೆ, ಪಾದ ತುಸು ಉಬ್ಬಿರುವ ಹೊತ್ತಿನಲ್ಲಿ ಕೊಳ್ಳಿ; ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ 10 ಕಿಲೋಮೀಟರ್ ಸಲೀಸಾಗಿದ್ದರೆ, ಉಳಿದ 16 ವಾರಗಳ ತಯಾರಿಗೆ ಇಳಿಯಬಹುದು. ವಾರದಲ್ಲಿ ನಾಲ್ಕು ದಿನ ಓಟ ಸಾಕು: ಎರಡು ದಿನ ಸಾವಕಾಶ ಓಟ, ಒಂದು ದಿನ ತುಸು ವೇಗದ್ದು, ಭಾನುವಾರ ಉದ್ದದ್ದು. ಭಾನುವಾರದ ಓಟವನ್ನು 12 ಕಿಲೋಮೀಟರ್‌ನಿಂದ ಆರಂಭಿಸಿ ವಾರಕ್ಕೆ ಎರಡು ಕಿಲೋಮೀಟರ್‌ನಷ್ಟು ಏರಿಸುತ್ತ, ಪ್ರತಿ ನಾಲ್ಕನೆಯ ವಾರ ಮೂರನೇ ಒಂದು ಭಾಗದಷ್ಟು ಇಳಿಸಿ ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡಬೇಕು. 30 ಕಿಲೋಮೀಟರ್ ಮುಟ್ಟಿದರೆ ಸಾಕು. ಪೂರ್ಣ ದೂರವನ್ನು ಅಭ್ಯಾಸದಲ್ಲಿ ಓಡಬಾರದು, ಅದರ ದಣಿವು ಆರಲು ವಾರಗಳೇ ಹಿಡಿಯುತ್ತವೆ. ಕೊನೆಯ ಮೂರು ವಾರಗಳಲ್ಲಿ ದೂರವನ್ನು ಹಂತಹಂತವಾಗಿ ತಗ್ಗಿಸಿ.

ಬೆವರಿನ ಲೆಕ್ಕವನ್ನು ಪ್ರತಿಯೊಬ್ಬರೂ ತಾವೇ ತಿಳಿದುಕೊಳ್ಳಬೇಕು. ಒಂದು ಗಂಟೆಯ ಓಟಕ್ಕೆ ಮೊದಲು ಮತ್ತು ಮೈ ಒರೆಸಿಕೊಂಡ ಮೇಲೆ ತೂಕ ನೋಡಿ: ನಡುವೆ ನೀರು ಕುಡಿಯದಿದ್ದರೆ, ಇಳಿದ ಒಂದು ಕಿಲೋ ತೂಕವೆಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಅದಕ್ಕಿಂತ ಹೆಚ್ಚು ನೀರನ್ನು ಓಡುವಾಗ ಕುಡಿಯುವುದು ಅಪಾಯ, ಏಕೆಂದರೆ ರಕ್ತದಲ್ಲಿನ ಸೋಡಿಯಂ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಉದ್ದದ ಓಟಗಳಲ್ಲಿ ಓಆರ್‌ಎಸ್ ಜೊತೆಗಿರಲಿ. ದೇಹದಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಸಾಮಾನ್ಯವಾಗಿ 30 ಕಿಲೋಮೀಟರ್ ಆಸುಪಾಸಿನಲ್ಲಿ ಬರಿದಾಗುವುದರಿಂದ, ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು ಇರುವ ನಮ್ಮ ನಿತ್ಯದ ಊಟ ತರಬೇತಿಗೆ ಬಹಳ ಒಳ್ಳೆಯದು. ಉದ್ದದ ಓಟದ ಹಿಂದಿನ ರಾತ್ರಿ ಮಾತ್ರ ನಾರು ಹೆಚ್ಚಿರುವ ರೊಟ್ಟಿ, ಕಾಳುಪಲ್ಯ ಬಿಟ್ಟು ಅನ್ನ, ತಿಳಿಸಾರು ಉಂಡರೆ ಬೆಳಿಗ್ಗೆ ಹೊಟ್ಟೆ ಹಗುರಾಗಿರುತ್ತದೆ.

ಬಿಸಿಲು ಅಕ್ಟೋಬರ್‌ನಲ್ಲಿಯೂ ತಿರುಗಿ ಏರುತ್ತದೆ. ಬೆಳಿಗ್ಗೆ ಐದಕ್ಕೇ ಹೊರಟು, ಎಂಟರೊಳಗೆ ಮುಗಿಸಿ. ತಲೆ ಸುತ್ತುವುದು, ಮೈ ಜುಮ್ಮೆನ್ನುವುದು, ವಾಕರಿಕೆ ಕಂಡರೆ ನೆರಳಿಗೆ ಬಂದು ನೀರು ಸುರಿದುಕೊಳ್ಳಬೇಕು. ಜೊತೆಗಾರನ ಮಾತು ತೊದಲಿದರೆ, ದಿಕ್ಕು ತಪ್ಪಿದಂತಾದರೆ ಮೈಯನ್ನು ತಣ್ಣೀರಿನಿಂದ ತಣಿಸುತ್ತಲೇ ಆಂಬುಲೆನ್ಸ್ ಕರೆಯಬೇಕು.

ಓಟದ ದಿನ ಹೊಸ ಬೂಟು, ಹೊಸ ತಿಂಡಿ ಯಾವುದೂ ಬೇಡ. ಮುಂಬೈಯ ಗಾಳಿಯಲ್ಲಿ ನಮ್ಮ ಚಳಿಗಾಲದ ಒಣಹವೆಗಿಂತ ತೇವ ಹೆಚ್ಚು, ಬೆವರು ಬೇಗ ಆರುವುದಿಲ್ಲ. ಆದ್ದರಿಂದ ಮೊದಲ 10 ಕಿಲೋಮೀಟರ್‌ಗಳನ್ನು ಅಭ್ಯಾಸದ ವೇಗಕ್ಕಿಂತಲೂ ತುಸು ನಿಧಾನವಾಗಿ ಕಳೆಯಿರಿ. ಮುಗಿಸಿದ ಕೂಡಲೇ ಕೂರದೆ ಹತ್ತು ನಿಮಿಷ ನಡೆದಾಡಿ, ಊರಿಗೆ ಬಂದ ಮೇಲೆ ಒಂದು ವಾರ ನಡಿಗೆಯನ್ನಷ್ಟೇ ಇಟ್ಟುಕೊಂಡು, ಮೆಟ್ಟಿಲು ಇಳಿಯುವಾಗ ತೊಡೆ ನೋಯುವುದು ನಿಂತ ನಂತರವೇ ಮತ್ತೆ ಓಡಲು ತೊಡಗಿ.